ಕೆಂಪು ನಟ್ಟಿನ ಮೇಲೆ ಹಸಿರು

“ಉಸ್ತಾದ್ರ, ಒಬ್ಬಾಂವ ಒಂದ್ ತಪ್ಪ ಮಾಡ್ಯಾನ. ಯಾರೂ ನೋಡಿಲ್ಲ. ಯಾರಿಗೂ ಏನೂ ಆಗಿಲ್ಲ. ಹಂಗಿದ್ರೂ ಅದನ್ನ ಬಾಯಿಬಿಟ್ಟು ಹೇಳಬೇಕೇನ್ರಿ?”

ನನ್ನ ಶಿಷ್ಯ ಮೈಲಾರಿ ಹೀಗೆ ಕೇಳಿದಾಗ ನಾನು ಲಾರಿಯನ್ನು ಕೃಷ್ಣಾ ಹೊಳೆಯ ನಡುಮಧ್ಯಕ್ಕೆ ತಂದಿದ್ದೆ. ಮಾತಿನಲ್ಲಿ. ನನ್ನ ಪ್ರಾಯದ ಕಾಲದ ಸಂಗತಿ ಅದು. ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ದೋಣಿ ಬಿಡುವವರು ಕೈಕಟ್ಟಿ ಕೂತಿದ್ದರು. ನಾನು ಮಿಲಿಟರಿ ಲಾರಿಯ ಹೊಗೆ ಕೊಳವೆಗೆ ಉದ್ದನೆಯ ಪೈಪು ಸೇರಿಸಿ ಅದರ ಬಾಯಿಯನ್ನು ಆಕಾಶಕ್ಕೆ ಮಾಡಿದೆ. ನನ್ನ ಬಾಯಿಗೂ ಒಂದು ಪೈಪು ಇಟ್ಟುಕೊಂಡೆ. ಲಾರಿಯನ್ನು ನೀರಿಗೆ ಇಳಿಸಿದೆ. ಹೊಳೆಯ ತಳದಲ್ಲಿ ಸೆಕೆಂಡ್ ಗೇರಿನಲ್ಲಿ ಹೋದೆ. ಮೀನುಗಳು ಗಾಜಿನ ಆಚೆಯಿಂದ ನನ್ನನ್ನು ನೋಡುತ್ತಿದ್ದವು. ಅಡ್ಡ ಬಂದ ಒಂದಕ್ಕೆ ಹಾರ್ನ್ ಹೊಡೆದೆ. ದಡದಲ್ಲಿ ಎರಡೂ ಊರಿನ ಜನ ನಿಂತು ನೋಡಿದರು. ಅವರಲ್ಲಿ ಈಗ ಒಬ್ಬರೂ ಇಲ್ಲ. ಕೊನೆಗೆ ಉಳಿದಿದ್ದ ಅಂಬಿಗರ ಮುದುಕ ಹೋದ ಬೇಸಿಗೆಯಲ್ಲಿ ತೀರಿಕೊಂಡ. ಅವನಿದ್ದಿದ್ದರೆ ಕೇಳಬಹುದಿತ್ತು.

ಬೇರೆ ದಿನವಾಗಿದ್ದರೆ ಆ ಹಾರ್ನಿಗೆ ಮೈಲಾರಿ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ನಗುತ್ತಿದ್ದ. “ಮೀನಾ ಸೈಡ್ ಕೊಡ್ತೇನ್ರಿ?” ಅಂತ ಕೇಳುತ್ತಿದ್ದ. ಅವತ್ತು ನಗಲಿಲ್ಲ. ಕೇಳಿದ್ದೂ ಬೇರೆ. ನಾನು ಲಾರಿಯನ್ನು ಹೊಳೆಯಲ್ಲೇ ಬಿಟ್ಟು ಅವನ ಮುಖ ನೋಡಿದೆ.

“ಯಾರಪಾ ಆ ಒಬ್ಬಾಂವ?” ಅಂದೆ.

“ಇದ್ದಾನ್ರಿ ಒಬ್ಬಾಂವ,” ಅಂದು ನೆಲ ನೋಡಿದ.

ಆ ಒಬ್ಬ ಯಾರು, ತಪ್ಪು ಏನು ಅನ್ನುವುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಅವನಿಗೆ ಕತೆ ಯಾಕೆ ಹೇಳಿದೆ ಅಂತ ತಿಳಿಯುವುದಿಲ್ಲ.

ನಮ್ಮದು ಹೆದ್ದಾರಿ ಪಕ್ಕದ ಗ್ಯಾರೇಜು. ಮಿಲಿಟರಿಯವರು ದುಡಿಸಿ ದುಡಿಸಿ ಸಾಕಾಗಿ ಹರಾಜಿಗೆ ಹಾಕಿದ ಲಾರಿಗಳು ನಮ್ಮ ಕೈಗೆ ಬರುತ್ತವೆ. ನಾವು ಅವಕ್ಕೆ ಜೀವ ತುಂಬಿ ಕಲ್ಲುಗಣಿಗೆ ಕಳಿಸುತ್ತೇವೆ. ಬೇರೆ ಲಾರಿ ಹೆದರುವ ಏರನ್ನು ಇವು ಹಾಡು ಹೇಳಿಕೊಂಡು ಹತ್ತುತ್ತವೆ. ಅವತ್ತು ಅಂಥದೊಂದು ಲಾರಿ ತಯಾರಾಗಿ ಬೇವಿನ ನೆರಳಲ್ಲಿ ನಿಂತಿತ್ತು. ಅದು ಮೈಲಾರಿಯ ಸೋದರಮಾವನದು. ಆ ಮಾವನ ಮಗಳನ್ನೇ ಮೈಲಾರಿಗೆ ಕೊಡುವುದೆಂದು ಹಿರಿಯರಲ್ಲಿ ಮಾತಾಗಿತ್ತು. ಮಾವ ಸಂಜೆ ಬಂದು ಲಾರಿ ಒಯ್ಯುವವನಿದ್ದ.

ಇಂಥ ಲಾರಿಯ ಗಾಲಿ ಬೇರೆ ಲಾರಿಯ ಗಾಲಿಯಂತಲ್ಲ. ಕಬ್ಬಿಣದ ಎರಡು ತಟ್ಟೆಗಳನ್ನು ಮುಖಾಮುಖಿ ಇಟ್ಟು, ಟೈರನ್ನು ಅವುಗಳ ನಡುವೆ ಹಿಡಿಸಿ, ನಟ್ಟು ಬಿಗಿದಿರುತ್ತಾರೆ. ಒಳಸುತ್ತಿನ ನಟ್ಟುಗಳು ಗಾಲಿಯನ್ನು ಲಾರಿಗೆ ಹಿಡಿದಿರುತ್ತವೆ. ಹೊರಸುತ್ತಿನವು ಎರಡು ತಟ್ಟೆಗಳನ್ನು ಒಂದಕ್ಕೊಂದು ಹಿಡಿದಿರುತ್ತವೆ. ಗಾಲಿ ಕಳಚುವವನು ಒಳಗಿನವನ್ನು ಬಿಚ್ಚಬೇಕು. ಟೈರಿನಲ್ಲಿ ಗಾಳಿ ಇರುವಾಗ ಹೊರಗಿನವನ್ನು ಬಿಚ್ಚಿದರೆ ತಟ್ಟೆ ಸಿಡಿದು ಎದುರಿಗಿದ್ದವನನ್ನು ಒಯ್ಯುತ್ತದೆ. ಅದಕ್ಕೇ ಮಿಲಿಟರಿಯವರು ಹೊರಸುತ್ತಿನ ನಟ್ಟುಗಳಿಗೆ ಕೆಂಪು ಬಳಿದಿರುತ್ತಾರೆ. ಕೆಂಪು ಕಂಡರೆ ಕೈ ತಾನಾಗಿ ನಿಲ್ಲುತ್ತದೆ. ಶಾಲೆ ಕಂಡವನೇ ಆಗಬೇಕು ಅಂತಿಲ್ಲ. ನಾನೂ ಕಂಡವನಲ್ಲ.

ಹಿಂದಿನ ದಿನ ಮಾವ ಲಾರಿ ನೋಡಲು ಬಂದಿದ್ದ. ನಾನು ಇನ್ನೊಂದು ಲಾರಿಯ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆ. ಅವರಿಗೆ ನಾನು ಕಾಣುತ್ತಿರಲಿಲ್ಲ. ಅವರ ಮಾತು ನನಗೆ ಕೇಳುತ್ತಿತ್ತು.

“ಏನೋ ಅಳಿಯಾ, ಬಣ್ಣ ಭಾಳ ಚಂದ ಹೊಡದಿ. ಆದ್ರ ಗಾಲಿ ಮೈಮ್ಯಾಲೆ ಅಮ್ಮ ಎದ್ದಾಳೇನೋ? ಕೆಂಪನ್ನ ಗುಳ್ಳಿ ಹಂಗs ಬಿಟ್ಟಿಯಲ್ಲ!”

ಕೆಂಪು ಯಾಕೆ ಅಂತ ಮೈಲಾರಿಗೆ ಗೊತ್ತಿತ್ತು, ಹೇಳುತ್ತಾನೆ ಅಂದುಕೊಂಡೆ.

“ಅದೇನಿಲ್ಲ ಮಾಮಾ,” ಅಂದ. “ಮಿಲಿಟರಿಯವ್ರ ಶೋಕಿ ಅದು. ಹಸರ ಹೊಡದ್ ಬಿಡ್ತೀನಿ.”

ಮಾವ ಅವನ ಬೆನ್ನು ಚಪ್ಪರಿಸಿದ. “ಮಗಳನ್ನ ಕೊಟ್ರ ಇಂಥಾಂವಗ ಕೊಡಬೇಕ್ ನೋಡು,” ಅಂದ.

ಮರುದಿನ ಬೆಳಗ್ಗೆ ನಾನು ಲಾರಿಯನ್ನು ಸುತ್ತಿ ಬಂದೆ. ಯಾವ ಗಾಲಿಯಲ್ಲೂ ಕೆಂಪಿರಲಿಲ್ಲ. ಬಣ್ಣ ಒಂದು ಹನಿಯೂ ಇಳಿಯದಂತೆ ಚೆನ್ನಾಗಿ ಹೊಡೆದಿದ್ದ. ನನ್ನ ಶಿಷ್ಯನಲ್ಲವೇ.

ಬೈದು ಹೇಳಬಹುದಿತ್ತು. ಬೈದರೆ ಓಡಿಹೋಗಿ ಕೆಂಪು ಹಚ್ಚುತ್ತಿದ್ದ. ನನಗೆ ಹೆದರಿ ಹಚ್ಚುತ್ತಿದ್ದ. ನಾನು ಸತ್ತ ಮೇಲೆ ಯಾರಿಗೆ ಹೆದರಿ ಹಚ್ಚುತ್ತಾನೆ? ನಾನು ಅಷ್ಟು ಸುಲಭಕ್ಕೆ ಸಾಯುವವನಲ್ಲ, ಆದರೂ ಮಾತಿಗೆ ಹೇಳಿದೆ. ಮಿಲಿಟರಿ ಲಾರಿಗೆ ಚಾವಿ ಇರುವುದಿಲ್ಲ. ಗುಂಡಿ ಒತ್ತಿದರೆ ಯಾರ ಕೈಗಾದರೂ ಚಾಲೂ ಆಗುತ್ತದೆ. ಹಾಗಾಗಿ ಬ್ಯಾಟರಿಯ ವಯರೊಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಇನ್ನು ಆ ಲಾರಿ ನನ್ನನ್ನು ಕೇಳದೆ ಗೇಟು ದಾಟುವಂತಿರಲಿಲ್ಲ. ಆಮೇಲೆ ಎಂದಿನಂತೆ ಹೊಳೆಯ ಕತೆ ಶುರುಮಾಡಿದೆ. ಅದರ ನಡುವೆ ಅವನ ಪ್ರಶ್ನೆ ಬಂತು.

“ಕೂಡು,” ಅಂದೆ. ಅವನು ಹಳೆಯ ಟೈರಿನ ಮೇಲೆ ಕೂತ. ನಾನು ಈ ಕತೆ ಹೇಳಿದೆ.

ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಮಿಲಿಟರಿ ಲಾರಿಗಳ ಮೇಸ್ತ್ರಿ. ಎಂಜಿನ್ನಿನ ಎಣ್ಣೆಯನ್ನು ನಾಲಿಗೆಗೆ ಹಚ್ಚಿಕೊಂಡು ಆ ಲಾರಿ ಯಾವ ಬೆಟ್ಟ ಹತ್ತಿ ಬಂದಿದೆ ಅಂತ ಹೇಳುತ್ತಿದ್ದ. ನನ್ನಷ್ಟು ನಿಖರವಾಗಿ ಅಲ್ಲ. ಆದರೂ ಹೇಳುತ್ತಿದ್ದ.

ಅದೇ ಊರಿನ ಒಬ್ಬ ವ್ಯಾಪಾರಿ ಹರಾಜಿನಲ್ಲಿ ಒಂದು ಲಾರಿ ಹಿಡಿದ. ಅದನ್ನು ತರಲು ಮೇಸ್ತ್ರಿಯನ್ನು ಕಳಿಸಿದ. ಡಿಪೋದ ಗೇಟಿನಲ್ಲಿ ಒಬ್ಬ ಹವಾಲ್ದಾರನಿದ್ದ. ಅವನು ಲಾರಿಯ ಸುತ್ತ ಒಂದು ಸುತ್ತು ನಡೆದ. ಪ್ರತಿ ಗಾಲಿಯ ಮುಂದೆ ನಿಂತು ಕೆಂಪು ನಟ್ಟಿನ ಮೇಲೆ ಬೆರಳಿಟ್ಟ. “ಈ ಲಾರಿಯಲ್ಲಿ ಏನು ಬೇಕಾದರೂ ಬಿಚ್ಚು. ಕೆಂಪನ್ನು ಮಾತ್ರ ಗಾಳಿ ಬಿಡದೆ ಬಿಚ್ಚಬೇಡ,” ಅಂದ. ಮೇಸ್ತ್ರಿ ತಲೆಯಾಡಿಸಿದ. ಹವಾಲ್ದಾರ ಬಿಡಲಿಲ್ಲ. ಬಾಯಿಬಿಟ್ಟು ಹೇಳಿಸಿದ. ಮೇಸ್ತ್ರಿ ಹೇಳಿದ. ಆಮೇಲೆ ಗೇಟು ತೆಗೆದ.

ಲಾರಿ ಊರಿಗೆ ಬಂತು. ಮೇಸ್ತ್ರಿ ಬಹಳ ದಿನ ದುಡಿದ. ಹೊಗೆ ಕೊಳವೆಯಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳು ಮರಿ ಮಾಡಿ ಹಾರಿಹೋಗುವ ತನಕ ಎಂಜಿನ್ ಚಾಲೂ ಮಾಡಲಿಲ್ಲ. ಅಂಥ ಮನುಷ್ಯ. ಕೆಟ್ಟವನಲ್ಲ. ಕೊನೆಗೆ ಎಂಜಿನ್ ಕೂಗಿತು. ಲಾರಿಗೆ ಹಸಿರು ಬಣ್ಣ ಬಂತು. ಊರಿನ ಜನ ಸೇರಿದರು. ವ್ಯಾಪಾರಿ ಎಲ್ಲರ ಮುಂದೆ, “ಏಳು ಜಿಲ್ಲಾದಾಗ ಹುಡುಕಿದ್ರೂ ಇಂಥಾ ಮೇಸ್ತ್ರಿ ಸಿಗೂದಿಲ್ಲ,” ಅಂದ. ಅದೇ ಉಸಿರಿನಲ್ಲಿ, “ಆ ಕೆಂಪೊಂದು ಯಾಕೋ ಗಿಳಿ ಮೂತಿ ಇದ್ದಂಗ ಕಾಣ್ತೈತಿ. ಎಲ್ಲಾ ಒಂದs ಬಣ್ಣ ಮಾಡಿಬಿಡ್ರಿ,” ಅಂದ.

ಮೇಸ್ತ್ರಿ ಬಾಯಿ ತೆರೆದ. ಆದರೆ ಹೊಗಳುತ್ತಿರುವವನಿಗೆ ‘ನಿನಗೆ ತಿಳಿಯುವುದಿಲ್ಲ’ ಅನ್ನುವುದು ಹೇಗೆ? ತೆರೆದ ಬಾಯಿಯನ್ನು ಮುಚ್ಚಿಕೊಂಡ. ಕೆಂಪಿನ ಮೇಲೆ ಹಸಿರು ಹೊಡೆದ.

ನಾಳೆ ಹೇಳಿದರಾಯಿತು ಅಂದುಕೊಂಡ. ಮರುದಿನ ವ್ಯಾಪಾರಿ ಲಾರಿಗೆ ಹಾರ ಹಾಕಿ, ಉಳಿದ ಇನ್ನೊಂದು ಹಾರವನ್ನು ಮೇಸ್ತ್ರಿಯ ಕೊರಳಿಗೆ ಹಾಕಿದ. ಹಾರ ಹಾಕಿಕೊಂಡು ಹೇಳುವುದು ಹೇಗೆ? ಅದರ ಮರುದಿನ ಲಾರಿ ಕಲ್ಲುಗಣಿಗೆ ಹೋಯಿತು. ಮೊದಲ ದಿನ ಹೇಳಬೇಕಾಗಿದ್ದದ್ದು ನಟ್ಟಿನ ಮಾತು ಮಾತ್ರ. ಈಗ ಅದನ್ನು ಹೇಳಬೇಕು, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದನ್ನೂ ಹೇಳಬೇಕು. ಮೊದಲನೆಯದು ಹಗುರ. ಎರಡನೆಯದು ಬಾಯಿಗೆ ಬರುವಂಥದಲ್ಲ.

ಮೇಸ್ತ್ರಿ ಒಂದು ಉಪಾಯ ಮಾಡಿದ. ಯಾರಿಗೂ ಹೇಳದೆ ಸರಿಮಾಡಿಬಿಡುತ್ತೇನೆ ಅಂದುಕೊಂಡ. ಕೆಂಪು ಬಣ್ಣದ ಒಂದು ಸಣ್ಣ ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಲಾರಿಯ ಬೆನ್ನು ಹತ್ತಿದ.

ಲಾರಿ ಒಂದು ಚಾದ ಅಂಗಡಿಯ ಮುಂದೆ ನಿಂತಿತು. ಡ್ರೈವರ್ ಒಳಗೆ ಹೋದ. ಮೇಸ್ತ್ರಿ ಗಾಲಿಯ ಮುಂದೆ ಕೂತು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ. ಅಂಗಡಿಯವನು ಇಣುಕಿದ. “ಏನ್ ಕಳಕೊಂಡ್ರಿ ಮೇಸ್ತ್ರಿ?” ಅಂದ. ಮೇಸ್ತ್ರಿಗೆ ಬೇರೆ ಏನೂ ಹೊಳೆಯಲಿಲ್ಲ. “ಹಲ್ಲು ಬಿತ್ತು,” ಅಂದ. ಅಂಗಡಿಯಲ್ಲಿದ್ದವರೆಲ್ಲ ಚಾ ಬಿಟ್ಟು ಎದ್ದು ಬಂದರು. ಮಣ್ಣಿನಲ್ಲಿ ಮೊಣಕಾಲೂರಿ ಮೇಸ್ತ್ರಿಯ ಹಲ್ಲು ಹುಡುಕಿದರು. ಸಿಗಲಿಲ್ಲ. ಎಲ್ಲರಿಗೂ ಅಯ್ಯೋ ಅನ್ನಿಸಿತು. ಅಂಗಡಿಯವನು, “ನಿಮಗ ಮಿರ್ಚಿ ಬ್ಯಾಡ್ರಿ, ಅಗಿಯಾಕ ಆಗೂದಿಲ್ಲ,” ಅಂತ ಮನೆಯಿಂದ ಗಂಜಿ ತರಿಸಿದ. ಮೇಸ್ತ್ರಿ ಇದ್ದ ಹಲ್ಲನ್ನೆಲ್ಲ ತುಟಿಯೊಳಗೆ ಮುಚ್ಚಿಕೊಂಡು ಗಂಜಿ ಕುಡಿದ. ಅಷ್ಟರಲ್ಲಿ ಲಾರಿ ಹೊರಟುಹೋಯಿತು.

ಇಲ್ಲಿ ಮೈಲಾರಿ ಸ್ವಲ್ಪ ನಕ್ಕ. ಬಾಯಿಂದ ನಕ್ಕ, ಕಣ್ಣಿನಿಂದಲ್ಲ. ನಾನು ಮುಂದುವರಿಸಿದೆ.

ಮೇಸ್ತ್ರಿ ನಡೆದೇ ಕಲ್ಲುಗಣಿಗೆ ಹೋದ. ಬಿಸಿಲು ಸುಡುತ್ತಿತ್ತು. ಕಲ್ಲು ಒಡೆಯುವವರು ಊಟ ಮಾಡಿ ಮಲಗಿದ್ದರು. ಡ್ರೈವರ್ ಲಾರಿಯ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ಮೇಸ್ತ್ರಿ ಅವನ ಕಾಲು ದಾಟಿ ಹೋಗಿ ಒಂದು ಗಾಲಿಯ ಮುಂದೆ ಕೂತ. ಕುಂಚ ತರಲು ಮರೆತಿದ್ದ. ಬೆರಳಿನಿಂದಲೇ ಹಚ್ಚತೊಡಗಿದ. ಒಂದು ನಟ್ಟು, ಇನ್ನೊಂದು, ಮತ್ತೊಂದು. ಯಾರೋ ಕೆಮ್ಮಿದರು. ಮೇಸ್ತ್ರಿ ಡಬ್ಬಿ ಎತ್ತಿಕೊಂಡು ಓಡಿದ. ತನ್ನ ಕೈಯಿಂದ ಎದ್ದುನಿಂತ ಲಾರಿಯನ್ನು ಬಿಟ್ಟು ಕಳ್ಳನ ಹಾಗೆ ಓಡಿದ.

ಗಾಲಿಯ ಎಲ್ಲ ನಟ್ಟೂ ಕೆಂಪಾಗಿದ್ದರೆ ಡ್ರೈವರ್ ಇದೇನಿರಬಹುದು ಅಂತ ಯಾರನ್ನಾದರೂ ಕೇಳುತ್ತಿದ್ದನೋ ಏನೋ. ಅವನು ಎದ್ದು ನೋಡಿದಾಗ ಒಂದೇ ಗಾಲಿ, ಅದರಲ್ಲೂ ಕೆಲವೇ ನಟ್ಟು. ಮೇಲೆ ಹಸಿ ಕೆಂಪು. ಅದರಲ್ಲಿ ಮನುಷ್ಯನ ಬೆರಳಿನ ಗುರುತು. ಡ್ರೈವರ್ ಕೂಗಿಕೊಂಡ. “ಮಾಟ! ಮಾಟ ಮಾಡ್ಯಾರ!” ಗಣಿಯ ಜನ ದೂರ ನಿಂತರು. ಯಾರೂ ಕೈಯಿಂದ ಮುಟ್ಟಲಿಲ್ಲ. ಸೀಮೆಎಣ್ಣೆಯ ಬಟ್ಟೆಯನ್ನು ಕೋಲಿಗೆ ಸುತ್ತಿ ಕೆಂಪನ್ನೆಲ್ಲ ಒರೆಸಿದರು. ಬಟ್ಟೆ ಸುಟ್ಟರು. ತೆಂಗಿನಕಾಯಿ ಒಡೆದರು. ಆದರೂ ಡ್ರೈವರ್ ಲಾರಿ ಹತ್ತಲಿಲ್ಲ.

ವ್ಯಾಪಾರಿ ಯಾರನ್ನು ಕರೆಸಬೇಕು? ಆ ಲಾರಿಯನ್ನು ಬಲ್ಲವನನ್ನು. ಮೇಸ್ತ್ರಿಯನ್ನು ಕರೆಸಿದ. ಎಲ್ಲರೂ ದಾರಿ ಬಿಟ್ಟರು. ವ್ಯಾಪಾರಿ ಅವನ ಕೈ ಹಿಡಿದುಕೊಂಡ. “ನೀವs ಹೇಳ್ರಿ ಮೇಸ್ತ್ರಿ. ಈ ಕೆಂಪು ಯಾಕ ಬಂತು? ನೀವ್ ಏನ್ ಹೇಳ್ತೀರಿ ಅದನ್ನ ಕೇಳ್ತೀನಿ,” ಅಂದ.

ಹಿಡಿದದ್ದು ಎಡಗೈ. ಬಲಗೈಯ ಉಗುರಿನಲ್ಲಿ ಇನ್ನೂ ಕೆಂಪು ಇತ್ತು. ಮೇಸ್ತ್ರಿ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಅವನು ಹೇಳಲು ಬಯಸಿದ್ದ ಮಾತನ್ನೇ ವ್ಯಾಪಾರಿ ಕೇಳಿದ್ದ. ಅದಕ್ಕಿಂತ ಒಳ್ಳೆಯ ಗಳಿಗೆ ಯಾವ ಮನುಷ್ಯನಿಗೂ ಸಿಗುವುದಿಲ್ಲ.

“ಲಿಂಬಿಹಣ್ಣು ಕಟ್ರಿ,” ಅಂದ ಮೇಸ್ತ್ರಿ.

ಎಲ್ಲರಿಗೂ ಸಮಾಧಾನವಾಯಿತು. ಲಾರಿಯ ಮುಂದೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದರು. ಡ್ರೈವರ್ ಹತ್ತಿದ. ಲಾರಿ ಹೊರಟಿತು.

“ಅಲ್ಲೇ ಹೇಳಬೇಕಿತ್ತಲ್ರಿ ಅಂವಾ!” ಅಂದ ಮೈಲಾರಿ. ಕೂತಲ್ಲಿಂದ ಅರ್ಧ ಎದ್ದಿದ್ದ. “ಎದುರಿಗೆ ನಿಂತು ಕೇಳಿದ್ರಲ್ರಿ!”

“ಯಾಕ ಹೇಳಲಿಲ್ಲಂತಿ ನೀನು?” ಅಂದೆ.

ಮೈಲಾರಿ ಮತ್ತೆ ಕೂತ. ತನ್ನ ಉಗುರು ನೋಡಿಕೊಂಡ. ಅದರಲ್ಲಿ ಹಸಿರು ಇತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನಾನು ನೋಡದವನ ಹಾಗೆ ಬೇವಿನ ಮರ ನೋಡಿದೆ.

ಒಂದು ದಿನ ಆ ಲಾರಿಯ ಗಾಲಿಗೆ ಒಂದು ಮೊಳೆ ಹೊಕ್ಕಿತು. ಗಾಲಿ ಉಸ್ಸೆಂದು ನೆಲ ಹಿಡಿದು ಕೂತಿತು. ಡ್ರೈವರ್ ಹೇಗೋ ಎಳೆದುಕೊಂಡು ರಸ್ತೆ ಬದಿಯ ಒಂದು ಪಂಕ್ಚರ್ ಅಂಗಡಿಗೆ ತಂದ. ಅಂಗಡಿಯವನು ಒಳ್ಳೆಯ ಕೆಲಸಗಾರ. ಬಸ್ಸು, ಟ್ರಾಕ್ಟರು ಎಲ್ಲ ಮಾಡಿದವನು. ಮಿಲಿಟರಿ ಗಾಲಿಯನ್ನು ಮಾತ್ರ ಕಂಡಿರಲಿಲ್ಲ. ಅವನು ಗಾಲಿಯ ಮುಂದೆ ಕೂತ. ಎಲ್ಲ ನಟ್ಟೂ ಒಂದೇ ಹಸಿರು. ಯಾವುದೂ ಅವನಿಗೆ ‘ತಡಿ’ ಅನ್ನಲಿಲ್ಲ. ಹೊರಸುತ್ತು ಕೈಗೆ ಹತ್ತಿರ ಇತ್ತು. ಅದಕ್ಕೇ ಪಾನಾ ಹಾಕಿದ.

ಒಂದು ಬಿಚ್ಚಿದ. ಇನ್ನೊಂದು ಬಿಚ್ಚಿದ. ಲಾರಿಯ ಮುಂದೆ ಲಿಂಬಿಹಣ್ಣು ತೂಗುತ್ತಿತ್ತು.

ಆಮೇಲೆ ಬಂದ ಸದ್ದು ಮೂರು ತಾಲ್ಲೂಕಿಗೆ ಕೇಳಿತು. ಮರದ ಹಕ್ಕಿಗಳು ಎದ್ದು ಹೋದವು, ಮಳೆಗಾಲದ ತನಕ ಮರಳಲಿಲ್ಲ. ಗಾಲಿಯ ಅರ್ಧ ತಟ್ಟೆ ಅಂಗಡಿಯ ಮೇಲೆ ಹಾರಿತು, ಜೋಳದ ಹೊಲದ ಮೇಲೆ ಹಾರಿತು, ಮುಂದಿನ ಊರಿನ ಬಾವಿಗೆ ಬಿತ್ತು. ನೀರು ಸೇದುತ್ತಿದ್ದ ಹೆಂಗಸಿನ ಕೊಡ ತಾನಾಗಿ ತುಂಬಿತು.

ಪಂಕ್ಚರಿನವನು ಬದುಕಿದ. ಅವನ ಪಾನಾ ಹಿಡಿದ ಕೈ ಉಳಿಯಲಿಲ್ಲ.

ಮೇಸ್ತ್ರಿ ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಒಳಗೇ ಹೇಳಿಕೊಂಡು ಹೋದ. ಹವಾಲ್ದಾರ ಹೇಳಿಸಿದ್ದ ಮಾತು ಅದು. ಒಂದೂ ಅಕ್ಷರ ಮರೆತಿರಲಿಲ್ಲ. ಒಳಗೆ ಹೋದ. ಮಂಚದ ಮೇಲಿದ್ದವನು ಮೇಸ್ತ್ರಿಯನ್ನು ಗುರುತಿಸಿದ. ಏಳಲು ನೋಡಿದ. ಆಗಲಿಲ್ಲ. ಬ್ಯಾಂಡೇಜು ಸುತ್ತಿದ ಮೊಂಡುಗೈಯನ್ನು ನಾಚಿಕೆಯಿಂದ ಚಾದರದ ಒಳಗೆ ಎಳೆದುಕೊಂಡ.

“ತಪ್ಪಾತ್ರಿ ಮೇಸ್ತ್ರಿ,” ಅಂದ. “ಅಷ್ಟ ಚಂದ ಬಣ್ಣ ಹೊಡದಿದ್ರಿ. ನಿಮ್ಮ ಗಾಲಿ ಹಾಳ ಮಾಡಿಬಿಟ್ಟೆ. ನನಗ ತಿಳೀಲಿಲ್ರಿ.”

ಮೇಸ್ತ್ರಿ ತನ್ನ ಬಲಗೈಯನ್ನು ಅಂಗಿಯ ಒಳಗೆ ಇಟ್ಟುಕೊಂಡ. ಉಗುರಿನ ಕೆಂಪು ಹೋಗಿರಲಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದ್ದ, ಉಪ್ಪು ಹಾಕಿ ತಿಕ್ಕಿದ್ದ, ಉಗುರು ಕತ್ತರಿಸಿದ್ದ; ಹೊಸ ಉಗುರು ಕೆಂಪಾಗಿಯೇ ಬಂದಿತ್ತು. ಇಬ್ಬರೂ ಕೈ ಮುಚ್ಚಿಕೊಂಡು ಒಬ್ಬರ ಮುಂದೆ ಒಬ್ಬರು ಇದ್ದರು. ತಪ್ಪು ಮಾಡದವನು ತಪ್ಪಾಯಿತು ಅಂದಿದ್ದ. ಇನ್ನೊಬ್ಬನ ಸರದಿ ಬಂದಿತ್ತು.

ನಾನು ಇಲ್ಲಿ ನಿಲ್ಲಿಸಿ ಬೀಡಿ ಹಚ್ಚಿದೆ. ಮೈಲಾರಿ ಕಾಯ್ದ. ನಾನು ಬೀಡಿಯನ್ನು ಅರ್ಧ ಸೇದಿದೆ.

“ಮೇಸ್ತ್ರಿ ಏನಂದಾ ಉಸ್ತಾದ್ರ?” ಅಂದ. ದನಿ ಸಣ್ಣಗಾಗಿತ್ತು.

“‘ಲಿಂಬಿಹಣ್ಣು ಒಣಗಿತ್ತು, ಹೊಸಾದು ಕಟ್ಟಬೇಕಿತ್ತು’ ಅಂದ.”

ಮೈಲಾರಿ ತಲೆ ಬಗ್ಗಿಸಿದ. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಬೇವಿನ ನೆರಳು ಲಾರಿಯಿಂದ ಜಾರಿ ಗೋಡೆಯ ಕಡೆಗೆ ಹೋಗಿತ್ತು. ಬಿಸಿಲಿನಲ್ಲಿ ಆ ಗಾಲಿಗಳು ಬಹಳ ಚಂದ ಕಾಣುತ್ತಿದ್ದವು. ಅವನು ಅವುಗಳ ಕಡೆ ನೋಡಲಿಲ್ಲ. ಇನ್ನೇನು ಬಾಯಿಬಿಡುತ್ತಾನೆ, ‘ಉಸ್ತಾದ್ರ, ಆ ಒಬ್ಬಾಂವ ನಾನs’ ಅನ್ನುತ್ತಾನೆ ಅಂತ ನಾನು ಕಾದೆ.

ಆಮೇಲೆ ಅವನ ಹುಬ್ಬು ಗಂಟಿಕ್ಕಿತು. ನನ್ನ ಹತ್ತಿರ ಕಲಿತವನು ಅವನು, ದಡ್ಡನಲ್ಲ. ತಲೆ ಎತ್ತಿದ.

“ಉಸ್ತಾದ್ರ, ಒಂದ್ ಸ್ವಲ್ಪ ತಡೀರಿ. ಗಾಲಿಗೆ ಮೊಳಿ ಬಡದಿತ್ತು ಅಂದ್ರಿ.”

“ಹೂಂ.”

“ಗಾಲಿ ಉಸ್ಸಂತ ನೆಲಕ್ಕ ಕುಂತಿತ್ತು ಅಂದ್ರಿ.”

“ಹೂಂ, ಅಂದೆ.”

“ಹಂಗಾದ್ರ ಅದರಾಗಿನ ಗಾಳಿ ಎಲ್ಲಾ ಹೋಗಿತ್ತು. ಇನ್ನ ಸಿಡದದ್ದು ಏನ್ರಿ? ಗಾಳಿ ಇಲ್ಲದ ಗಾಲಿ ತಟ್ಟಿ ಹೊಲಾ ದಾಟಿ ಬಾವಿಗೆ ಹೆಂಗ ಬಿತ್ತು?”

ನಾನು ಬೀಡಿ ನೋಡಿದೆ. ಅದು ಆರಿತ್ತು.

“ಸಿಕ್ಕೊಂಡ್ರಿ ಉಸ್ತಾದ್ರ!” ಅಂದ ಮೈಲಾರಿ. ತೊಡೆ ತಟ್ಟಿ ನಕ್ಕ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದ ಹಾಗೆ ನಕ್ಕ. “ಮೇಸ್ತ್ರಿನೂ ಇಲ್ಲ, ಪಂಕ್ಚರಿನಾಂವನೂ ಇಲ್ಲ. ಹೊಳಿಯಾಗಿನ ಮೀನಿಗೆ ಹಾರ್ನ್ ಹೊಡದ್ರಲ್ಲ, ಹಂಗs ಇದೂ. ನನ್ನ ಸುಮ್ಮನ ಹೆದರಿಸಿದ್ರಿ. ಯಾರ ಕೈಯೂ ಹೋಗಿಲ್ಲ ತಗೀರಿ!”

ಹೆದ್ದಾರಿಯ ಕಡೆಯಿಂದ ಮೋಟರ್ ಸೈಕಲ್ಲಿನ ಸದ್ದು ಬಂತು. ಅವನ ಮಾವನದು. ಗೇಟಿನ ಹತ್ತಿರ ಸದ್ದು ನಿಧಾನವಾಯಿತು. ಮೈಲಾರಿ ನಗುತ್ತಲೇ ಎದ್ದ. ಕೈ ಒರೆಸಿಕೊಂಡ. ಲಾರಿ ಚಾಲೂ ಮಾಡಿ ಕೊಡಲು ಹೊರಟ.

ನಾನು ಹೆಗಲು ಕುಣಿಸಿದೆ. ಜೇಬಿನಿಂದ ಬ್ಯಾಟರಿಯ ವಯರ್ ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನು ವಯರ್ ನೋಡಿದ, ನನ್ನನ್ನು ನೋಡಿದ, ಅವನ ನಗು ನಿಂತಿತು.

“ನನ್ನ ಕತಿ ಗಾಲಿಯಾಗ ಗಾಳಿ ಇರಲಿಲ್ಲ, ಖರೇ ಐತಪಾ,” ಅಂದೆ. “ನೀ ಬಣ್ಣ ಹೊಡದ ಗಾಲಿಯಾಗ ಐತಿ.”